ತಿಂಡಿಗೂ ಒಂದು ಹೊತ್ತಿದೆ

ಹೊಸಕೋಟೆಯ ದಮ್ ಬಿರಿಯಾನಿ ತಿನ್ನಬೇಕೆಂದರೆ ಬೆಳಗಿನ ಜಾವವೇ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಭಾನುವಾರವಾದರೆ ಬೆಂಗಳೂರಿನಿಂದ ನಾಲ್ಕು ಗಂಟೆಗೇ ಕಾರು, ಬೈಕುಗಳು ಹೊರಟಿರುತ್ತವೆ. ಮಣಿ ದಮ್ ಬಿರಿಯಾನಿ, ಆನಂದ್ ದಮ್ ಬಿರಿಯಾನಿಗಳ ಮುಂದೆ ಬೆಳಕು ಹರಿಯುವ ಮೊದಲೇ ಜನ ಸೇರಿರುತ್ತಾರೆ. ಹಲ್ಲುಜ್ಜಿದ ಕೂಡಲೇ ಮಟನ್ ಬಿರಿಯಾನಿಯೇ ಎಂದು ಹುಬ್ಬೇರಿಸುವವರು ಒಮ್ಮೆ ಆ ಸಾಲಿನಲ್ಲಿ ನಿಂತು ನೋಡಬೇಕು. ರಾತ್ರಿಯಿಂದ ಬೆಂದ ಹಂಡೆಯ ಮುಚ್ಚಳ ತೆಗೆಯುವುದೇ ಆ ಹೊತ್ತಿಗೆ. ಮೊದಲ ಹಬೆ, ಮೊದಲ ಸೌಟು, ಇನ್ನೂ ಮುರಿಯದ ಅಕ್ಕಿಯ ಕಾಳು ಸಿಗುವುದು ಆಗಲೇ. ಒಂಬತ್ತಕ್ಕೆ ಆರಾಮವಾಗಿ ಎದ್ದು ಹೋದವರ ಪಾಲಿಗೆ ತಳ ಕೆರೆದ ಅನ್ನ ಉಳಿದಿದ್ದರೆ ಅದೇ ಹೆಚ್ಚು.

ಎಲ್ಲಿ ಏನು ಚೆನ್ನಾಗಿರುತ್ತದೆ ಎಂದು ಹೇಳುವ ಪಟ್ಟಿಗಳಿಗೆ ಈಗ ಬರವಿಲ್ಲ. ಯಾವ ಹೊತ್ತಿಗೆ ಚೆನ್ನಾಗಿರುತ್ತದೆ ಎಂದು ಹೇಳುವವರು ಮಾತ್ರ ಕಡಿಮೆ. ಹೆಸರಾಂತ ಹೋಟೆಲಿಗೆ ಹೋಗಿ ಬಂದು 'ಅಂಥದ್ದೇನೂ ಇಲ್ಲಪ್ಪ' ಎನ್ನುವವರನ್ನು ಎಷ್ಟು ಹೊತ್ತಿಗೆ ಹೋಗಿದ್ದಿರಿ ಎಂದು ಕೇಳಿ ನೋಡಿ. ಬಹುಪಾಲು ಉತ್ತರ ಅಲ್ಲೇ ಇರುತ್ತದೆ. ತೆಂಗಿನಕಾಯಿ ಚಟ್ನಿ ರುಬ್ಬಿದ ಒಂದೆರಡು ಗಂಟೆಯೊಳಗೆ ಹೇಗಿರುತ್ತದೋ ಹನ್ನೊಂದರ ಬಿಸಿಲಿಗೆ ಹಾಗಿರುವುದಿಲ್ಲ. ರಾತ್ರಿ ಹುದುಗಿದ ಹಿಟ್ಟು ಬೆಳಿಗ್ಗೆ ಹದವಾಗಿದ್ದರೆ ಮಧ್ಯಾಹ್ನದ ಹೊತ್ತಿಗೆ ಹುಳಿ ಏರಿರುತ್ತದೆ. ಬಜ್ಜಿಯ ಎಣ್ಣೆ ಸಂಜೆ ಹೊಸದಾಗಿ ಬಾಣಲೆಗೆ ಬಿದ್ದಾಗಿನ ರುಚಿಯೇ ಬೇರೆ. ಹಾಗಾಗಿ ನಾನು ಮೆಚ್ಚಿದ ತಿಂಡಿ, ಊಟಗಳನ್ನು ಇಲ್ಲಿ ಗಡಿಯಾರ ಹಿಡಿದುಕೊಂಡೇ ಹೇಳುತ್ತಿದ್ದೇನೆ.

ಏಳು ಗಂಟೆಯ ಇಡ್ಲಿ

ಬೆಂಗಳೂರಿನಲ್ಲಿ ಇಡ್ಲಿ ತಿನ್ನಲು ನನ್ನನ್ನು ಕೇಳಿದರೆ ಎರಡು ಜಾಗ ಹೇಳುತ್ತೇನೆ. ಒಂದು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್, 1965ರಿಂದ ಇರುವಂಥದ್ದು. ಇನ್ನೊಂದು ಮಲ್ಲೇಶ್ವರದ ಮಾರ್ಗೋಸಾ ರಸ್ತೆಯ ವೀಣಾ ಸ್ಟೋರ್ಸ್. ಎರಡರಲ್ಲೂ ಕೂರಲು ಕುರ್ಚಿ, ಮೇಜು ಹುಡುಕಬೇಡಿ. ದುಡ್ಡು ಕೊಟ್ಟು ಟೋಕನ್ ತೆಗೆದುಕೊಂಡು, ತಟ್ಟೆ ಹಿಡಿದು, ಫುಟ್‌ಪಾತಿನಲ್ಲೋ ಮರದ ನೆರಳಿನಲ್ಲೋ ನಿಂತು ತಿನ್ನುವುದು ರೂಢಿ. ಬ್ರಾಹ್ಮಿನ್ಸ್‌ನಲ್ಲಿ ಸಾಂಬಾರು ಇಲ್ಲವೇ ಇಲ್ಲ. ಕೇಳಿ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ, ಟೀ ಇಷ್ಟರಲ್ಲೇ ಅವರು ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದಾರೆ. ಚಟ್ನಿ ಹಾಕಲೆಂದೇ ಒಬ್ಬರು ನಿಂತಿರುತ್ತಾರೆ. ತಟ್ಟೆ ಮುಂದೆ ಹಿಡಿದರೆ ಎಷ್ಟು ಸಲ ಬೇಕಾದರೂ ಹಾಕುತ್ತಾರೆ.

ಇಂಥ ಕಡೆ ತಿನ್ನಲು ಸರಿಯಾದ ಹೊತ್ತು ಏಳರಿಂದ ಎಂಟೂವರೆ. ಆಗ ಬರುವವರು ವಾಕಿಂಗ್ ಮುಗಿಸಿದ ಹಿರಿಯರು ಮತ್ತು ಹೂವಿನ ವ್ಯಾಪಾರದವರು. ಇಡ್ಲಿ ತಟ್ಟೆಗಳು ಒಂದರ ಹಿಂದೊಂದು ಇಳಿಯುತ್ತಲೇ ಇರುತ್ತವೆ, ಹಾಗಾಗಿ ಯಾವ ಇಡ್ಲಿಯೂ ಡಬ್ಬಿಯಲ್ಲಿ ಕಾಯುತ್ತ ಕೂರುವುದಿಲ್ಲ. ಇಡ್ಲಿಯನ್ನು ಬೆರಳಿನಿಂದ ಮುರಿದಾಗ ಒಳಗೆ ಜಾಲರಿ ಕಾಣಬೇಕು, ಮುರಿದ ಜಾಗದಿಂದ ಹಬೆ ಏಳಬೇಕು. ವಡೆಯನ್ನು ಚಟ್ನಿಯಲ್ಲಿ ಮುಳುಗಿಸಿ ಕೊಡುವ ಮೊದಲೇ 'ವಡೆ ಬೇರೆ ಕೊಡಿ' ಎಂದು ಹೇಳಿಬಿಡಿ. ಗರಿ ಇರುವಾಗಲೇ ಒಂದು ತುತ್ತು ಹಾಗೇ ತಿಂದು, ಉಳಿದದ್ದನ್ನು ಅದ್ದಿಕೊಂಡರೆ ಎರಡು ಬಗೆಯ ರುಚಿ ಸಿಗುತ್ತದೆ. ಖಾರಾಬಾತು, ಕೇಸರಿಬಾತು ಎರಡೂ ಬೇಕು, ಹೊಟ್ಟೆ ಮಾತ್ರ ಒಂದೇ ಎನ್ನುವವರಿಗೆ ಚೌಚೌಬಾತು ಇದ್ದೇ ಇದೆ.

ನಿಂತು ತಿನ್ನುವ ಈ ಪದ್ಧತಿಯನ್ನು ಬೆಂಗಳೂರಿನ ಬೀದಿಬೀದಿಗೆ ತಂದದ್ದು ದರ್ಶಿನಿಗಳು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಶುರು ಮಾಡಿದ ಕೆಫೆ ದರ್ಶಿನಿಯಿಂದ ಈ ಸಾಲು ಬೆಳೆಯಿತು. ಅಡುಗೆಮನೆ ಕಣ್ಣೆದುರೇ ಇರುವುದು, ಕಡಿಮೆ ದುಡ್ಡು, ಹತ್ತು ನಿಮಿಷದಲ್ಲಿ ತಿಂದು ಹೊರಡಬಹುದಾದ ಅನುಕೂಲ, ಇವಿಷ್ಟೇ ಸಾಕಾಯಿತು ಊರಿಗೆ. ಹೊಸ ಬಡಾವಣೆಯ ಅಪರಿಚಿತ ದರ್ಶಿನಿಗೆ ಹೋದಾಗ ಮೊದಲು ಚಟ್ನಿ ನೋಡಿ. ತೆಂಗಿನಕಾಯಿಗಿಂತ ಹುರಿಗಡಲೆಯೇ ಮುಂದಾಗಿ ಹಿಟ್ಟುಹಿಟ್ಟಾಗಿದ್ದರೆ ಕಾಫಿ ಕುಡಿದು ಹೊರಡಿ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಕೂರಲು ಜಾಗ ಇದೆಯೇ ಎಂದು ಮೊದಲೇ ವಿಚಾರಿಸಿ. ಮಂಡಿನೋವಿನವರಿಗೆ ಎತ್ತರದ ಮೇಜಿನ ಮುಂದೆ ನಿಂತು ತಿನ್ನುವುದು ಶಿಕ್ಷೆ.

ತಟ್ಟೆ ಇಡ್ಲಿಯ ಎರಡು ಊರುಗಳು ಬೆಂಗಳೂರಿನ ಎರಡು ದಿಕ್ಕಿಗಿವೆ. ತುಮಕೂರು ಕಡೆ ಕ್ಯಾತ್ಸಂದ್ರ, ಮೈಸೂರು ಕಡೆ ಬಿಡದಿ. ಎರಡೂ ಕಡೆ ಅಂಗೈಗಿಂತ ಅಗಲದ, ಮೆತ್ತನೆಯ ಇಡ್ಲಿಯ ಮೇಲೆ ಬೆಣ್ಣೆ ಇಟ್ಟು ಕೊಡುತ್ತಾರೆ. ಬೆಣ್ಣೆ ಪೂರ್ತಿ ಕರಗುವ ಮೊದಲೇ ತಿನ್ನಲು ಶುರು ಮಾಡಿ. ಒಂದು ಎಚ್ಚರಿಕೆ: 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಬಂದ ಮೇಲೆ ಬಿಡದಿ, ರಾಮನಗರ, ಮದ್ದೂರುಗಳೆಲ್ಲ ಬೈಪಾಸಿನಾಚೆ ಉಳಿದಿವೆ. ಸುಮ್ಮನೆ ಗಾಡಿ ಓಡಿಸುತ್ತಿದ್ದರೆ ಬಿಡದಿ ಹಿಂದೆ ಹೋದದ್ದೇ ಗೊತ್ತಾಗುವುದಿಲ್ಲ. ಎಲ್ಲಿ ಇಳಿಯಬೇಕೆಂದು ಮೊದಲೇ ನೋಡಿಟ್ಟುಕೊಂಡು ಹಳೆಯ ರಸ್ತೆ ಹಿಡಿಯಿರಿ. ವಾಪಸು ಹೆದ್ದಾರಿ ಹತ್ತಲು ಹತ್ತು ಹದಿನೈದು ನಿಮಿಷ ಹೆಚ್ಚಾದರೆ ಆಗಲಿ. ದಾರಿಹೋಕರನ್ನೇ ನಂಬಿ ಬೆಳೆದ ಅಂಗಡಿಗಳವು.

ದೋಸೆ: ಒಂದೇ ಹೆಸರು, ಐದು ರುಚಿ

ದೋಸೆಯ ವಿಷಯದಲ್ಲಿ ಮಾತ್ರ ನಾನು ಅವಸರ ಮಾಡಲಾರೆ.

ದೋಸೆ ಕಲ್ಲು ಕಾಣುವ ಜಾಗದಲ್ಲಿ ನಿಲ್ಲಲು ಸಿಕ್ಕಿದರೆ ಐದು ನಿಮಿಷ ನಿಂತು ನೋಡಿ. ಭಟ್ಟರು ಮೊದಲು ಕಾದ ಕಲ್ಲಿನ ಮೇಲೆ ನೀರು ಚಿಮುಕಿಸುತ್ತಾರೆ. ಚುರ್ರೆಂದು ಹಬೆ ಎದ್ದು ನೀರು ಆರುವಷ್ಟರಲ್ಲಿ ಗಿಡ್ಡ ಪೊರಕೆಯಿಂದ ಕಲ್ಲನ್ನು ಗುಡಿಸಿಬಿಡುತ್ತಾರೆ. ಅತಿಯಾಗಿ ಕಾದ ಕಲ್ಲನ್ನು ತುಸು ತಣಿಸಿ ಹದಕ್ಕೆ ತರುವ ಕೆಲಸ ಅದು. ಕಲ್ಲು ಹೆಚ್ಚು ಕಾದಿದ್ದರೆ ಹಿಟ್ಟು ಸೌಟಿಗೇ ಅಂಟಿಕೊಂಡು ಹರಡುವುದಿಲ್ಲ, ಕಾವು ಸಾಲದಿದ್ದರೆ ದೋಸೆ ಬಿಳಿಚಿಕೊಳ್ಳುತ್ತದೆ. ಆಮೇಲೆ ಹಿಟ್ಟು ಹುಯ್ದು ನಡುವಿನಿಂದ ಸುತ್ತುತ್ತ ಹೊರಗೆ ಹರಡುತ್ತಾರೆ. ಸಾಲಾಗಿ ಹತ್ತು ಹನ್ನೆರಡು ದೋಸೆ ಹುಯ್ದಾದ ಮೇಲೆ ತುಪ್ಪವೋ ಎಣ್ಣೆಯೋ ಒಂದೇ ಬೀಸಿಗೆ ಎಲ್ಲದರ ಮೇಲೂ ಬೀಳುತ್ತದೆ. ಅಂಚು ಕಲ್ಲಿನಿಂದ ತಾನಾಗಿ ಬಿಟ್ಟು ಮೇಲೇಳುವುದನ್ನು ಕಾದು, ಆಲೂಗಡ್ಡೆ ಪಲ್ಯ ಇಟ್ಟು, ಮಡಚಿ ಎತ್ತುತ್ತಾರೆ. ಅಕ್ಕಿ, ಉದ್ದು ಹುದುಗುವಾಗ ಹುಟ್ಟುವ ಸಕ್ಕರೆಯ ಅಂಶವೇ ಕಾವಿಗೆ ಕೆಂಪಾಗಿ ಆ ಹೊಂಬಣ್ಣ, ಆ ಪರಿಮಳ ಕೊಡುವುದು. ಹುದುಗು ಸಾಲದ ಹಿಟ್ಟಿಗೆ ಎಷ್ಟು ತುಪ್ಪ ಸುರಿದರೂ ಆ ಬಣ್ಣ ಬರುವುದಿಲ್ಲ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದದ್ದು. ಹೆಸರೇ ಹೇಳುವಂತೆ ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರಿಗಾಗಿ ತೆರೆದ ಹೋಟೆಲು. ಆಮೇಲೆ ಸಾಹಿತಿಗಳ, ಕಲಾವಿದರ ಜಾಗವಾಯಿತು. ಗೋಡೆಯ ಮೇಲೆ ಕನ್ನಡದ ದೊಡ್ಡವರ ಚಿತ್ರಗಳಿವೆ. ಇಲ್ಲಿನ ದೋಸೆ ದಪ್ಪ, ಹೊರಗೆ ಗರಿ, ಒಳಗೆ ಮೆತ್ತಗೆ. ತೋಳಿನ ಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು, ಗಿಜಿಗುಡುವ ಮೇಜುಗಳ ನಡುವೆ ಬಳುಕುತ್ತ ಬರುವ ಸಪ್ಲೈಯರುಗಳನ್ನು ನೋಡುವುದೇ ಒಂದು ಖುಷಿ. ಜೊತೆಗೆ ಬರುವ ನೀರುನೀರಾದ ಚಟ್ನಿಯನ್ನು ದೋಸೆಯ ಮೇಲೆ ಸುರಿಸಿಕೊಂಡು ತಿನ್ನುವವರು ಒಂದು ಪಂಗಡ, ಪಕ್ಕಕ್ಕೆ ಹಾಕಿಸಿಕೊಳ್ಳುವವರು ಇನ್ನೊಂದು. ನಾನು ಮೊದಲ ಪಂಗಡದವನು. ಆ ಚಟ್ನಿ ದೋಸೆಯ ಒಳಮೈಗೆ ಇಳಿದಾಗಲೇ ಅದರ ಪೂರ್ತಿ ರುಚಿ. ಶುಕ್ರವಾರ ರಜೆ, ಉಳಿದ ದಿನಗಳಲ್ಲಿ ಮಧ್ಯಾಹ್ನ ಮುಚ್ಚಿ ಮತ್ತೆ ತೆರೆಯುತ್ತದೆ. ಭಾನುವಾರ ಹೆಸರು ಬರೆಸಿ ಬಾಗಿಲಲ್ಲಿ ಕಾಯಬೇಕು. ವಾರದ ನಡುವೆ ಬೆಳಿಗ್ಗೆ ಏಳಕ್ಕೆ ಹೋದರೆ ಕಾಯುವ ಮಾತಿಲ್ಲ. ತಿಂದು ಹೊರಗೆ ಬಂದರೆ ಹೂವು, ಹಣ್ಣು, ಗ್ರಂಥಿಗೆ ಅಂಗಡಿಗಳ ಗಾಂಧಿ ಬಜಾರು ಆಗತಾನೆ ಕಣ್ಣು ಬಿಡುತ್ತಿರುತ್ತದೆ.

ಮಲ್ಲೇಶ್ವರದವರ ಮುಂದೆ ಇದನ್ನೆಲ್ಲ ಹೇಳಿದರೆ ಸಿಟಿಆರ್ ಕಡೆ ಕೈ ತೋರಿಸುತ್ತಾರೆ. ಈಗಿನ ಹೆಸರು ಶ್ರೀ ಸಾಗರ್, ಆದರೆ ಯಾರ ಬಾಯಲ್ಲೂ ಸೆಂಟ್ರಲ್ ಟಿಫಿನ್ ರೂಮಿನ ಹಳೆಯ ಮೂರಕ್ಷರವೇ. ಇಲ್ಲಿನ ಬೆಣ್ಣೆ ಮಸಾಲೆ ದೋಸೆ ಗಾಢ ಕಂದು, ಅಂಚು ಪುಡಿಪುಡಿಯಾಗುವಷ್ಟು ಗರಿ. ಒಬ್ಬರೇ ಹೋದರೆ ಅಪರಿಚಿತರ ಮೇಜಿನಲ್ಲಿ ಕೂರಿಸುತ್ತಾರೆ, ಬೇಸರ ಬೇಡ. ಎದುರಿಗಿದ್ದವರು ಇಲ್ಲಿಗೆ ಬರುವ ಹಳಬರಾಗಿದ್ದರೆ ಪಕ್ಕದ ಬೀದಿಯಲ್ಲಿ ಇನ್ನೇನು ತಿನ್ನಬೇಕೆಂಬುದೂ ಗೊತ್ತಾಗಿಬಿಡುತ್ತದೆ.

ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ 1924ರಷ್ಟು ಹಿಂದಿನ ಚರಿತ್ರೆ. ಉಡುಪಿ ಸೀಮೆಯಿಂದ ಬಂದ ಮಯ್ಯ ಸಹೋದರರು ಕಟ್ಟಿದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದೇ ಇವತ್ತಿನ ರವೆ ಇಡ್ಲಿ ಎಂಬುದು ಅವರ ಮನೆತನದ ಮಾತು. ಹಾಗಾಗಿ ಅಲ್ಲಿಗೆ ಹೋದವರು ದೋಸೆಗೆ ಮೊದಲು ರವೆ ಇಡ್ಲಿಯನ್ನೇ ತರಿಸಬೇಕು. ಒಗ್ಗರಣೆ, ಗೋಡಂಬಿ ಬಿದ್ದ ಇಡ್ಲಿ, ಪಕ್ಕದಲ್ಲಿ ಆಲೂಗಡ್ಡೆ ಸಾಗು, ಚಟ್ನಿ, ಪುಟ್ಟ ಬಟ್ಟಲಲ್ಲಿ ತುಪ್ಪ. ತುಪ್ಪವನ್ನು ಇಡ್ಲಿ ಬಿಸಿಯಿರುವಾಗಲೇ ಸುರಿದು ಅರ್ಧ ನಿಮಿಷ ಬಿಡಿ. ಬೆಳ್ಳಿ ಲೋಟದ ಕಾಫಿ ಕುಡಿಯದೆ ಏಳಬೇಡಿ. ಭಾನುವಾರ ಚಂದ್ರಹಾರ ಎಂಬ ಸಿಹಿ ಸಿಗುತ್ತದೆ. ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕಿ ನೇರ ಅಲ್ಲಿಗೇ ಹೋಗುವುದು ಹಸಿವಿಗೂ ಒಳ್ಳೆಯದು, ಸಾಲು ಬೆಳೆಯುವ ಮೊದಲೇ ಒಳಗೆ ಸೇರಿಕೊಳ್ಳುವುದಕ್ಕೂ ಒಳ್ಳೆಯದು.

ಮೈಸೂರಿನ ನಜರ್‌ಬಾದಿನ ಮೈಲಾರಿ ದೋಸೆ ಇದಕ್ಕೆಲ್ಲ ತದ್ವಿರುದ್ಧ. ಗರಿಯೆಂಬುದೇ ಇಲ್ಲ. ಬಾಯಿಗಿಟ್ಟರೆ ಕರಗುವ ಮೆತ್ತನೆಯ ದೋಸೆ, ಒಳಗೆ ಆಲೂಗಡ್ಡೆ ಪಲ್ಯದ ಬದಲು ಸಾಗು, ಮೇಲೆ ಬೆಣ್ಣೆ. ಹತ್ತಿರ ಹತ್ತಿರವೇ ಒಂದೇ ಹೆಸರಿನ ಬೋರ್ಡುಗಳಿರುವುದರಿಂದ ಅಸಲಿ ಯಾವುದೆಂಬ ವಾದ ಮೈಸೂರಿನವರ ನಡುವೆ ಇನ್ನೂ ಮುಗಿದಿಲ್ಲ. ಜಾಗ ಚಿಕ್ಕದು, ತಿಂಡಿಯ ಬಗೆಗಳೂ ಒಂದೆರಡೇ. ಒಂದು ದೋಸೆಗೆ ಯಾರದೂ ಹೊಟ್ಟೆ ತುಂಬುವುದಿಲ್ಲ, ಮೊದಲೇ ಎರಡು ಹೇಳಿ.

ಇನ್ನು ದಾವಣಗೆರೆ. ಅಲ್ಲಿನ ಬೆಣ್ಣೆ ದೋಸೆಯ ಕಥೆ 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಬಂದ ಚೆನ್ನಮ್ಮ ಎಂಬ ತಾಯಿಯಿಂದ ಶುರುವಾಗುತ್ತದೆ ಎನ್ನುತ್ತಾರೆ ಊರಿನವರು. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯೂ ಬೀಳುತ್ತದೆ. ಸೌದೆ ಒಲೆಯ ಕಾವು, ಕೈಬಿಚ್ಚಿ ಹಾಕಿದ ಬೆಣ್ಣೆ, ಪಕ್ಕದಲ್ಲಿ ಅರಿಸಿನ ಹಾಕದ ಬಿಳಿಯ ಆಲೂಗಡ್ಡೆ ಪಲ್ಯ, ತೆಂಗಿನಕಾಯಿ ಚಟ್ನಿ. ಪಲ್ಯ ಸಪ್ಪೆ ಎಂದು ದೂರುವವರಿದ್ದಾರೆ. ಅದು ಸಪ್ಪೆಯಾಗಿರುವುದು ಬೆಣ್ಣೆಯ ರುಚಿ ಮುಂದೆ ಬರಲೆಂದೇ. ಬೆಂಗಳೂರಿನ ಬೀದಿಬೀದಿಯಲ್ಲೂ ದಾವಣಗೆರೆ ಬೆಣ್ಣೆ ದೋಸೆಯ ಬೋರ್ಡು ಕಾಣುತ್ತದೆ, ಕೆಲವು ಚೆನ್ನಾಗಿಯೂ ಇವೆ. ಆದರೆ ಸೌದೆಯ ಹೊಗೆಯ ಸಣ್ಣ ಘಮ ಗ್ಯಾಸಿನ ಒಲೆಗೆ ಬರುವುದಿಲ್ಲ. ಅದಕ್ಕಾಗಿ ಒಮ್ಮೆಯಾದರೂ ದಾವಣಗೆರೆಯಲ್ಲಿ ಇಳಿಯಬೇಕು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಶ್ರೀ ಗುರು ಕೊಟ್ಟೂರೇಶ್ವರದಂಥ ಹೋಟೆಲಿನಲ್ಲಿ ಒಂದು ಬೆಣ್ಣೆ ಖಾಲಿ, ಒಂದು ಬೆಣ್ಣೆ ದೋಸೆ ತಿಂದವರಿಗೆ ಮಧ್ಯಾಹ್ನದ ಊಟದ ಚಿಂತೆ ಇರುವುದಿಲ್ಲ.

ಮಧ್ಯಾಹ್ನ: ರೊಟ್ಟಿ ಬಡಿಯುವ ಸದ್ದು

ನನ್ನ ಮಟ್ಟಿಗೆ ಕರ್ನಾಟಕದ ಅತ್ಯುತ್ತಮ ಹೋಟೆಲ್ ಊಟ ಉತ್ತರದ ಖಾನಾವಳಿಗಳಲ್ಲಿದೆ. ಧಾರವಾಡ, ಹುಬ್ಬಳ್ಳಿ, ಗದಗ, ಬಾಗಲಕೋಟೆ, ವಿಜಯಪುರ ಯಾವ ಊರಾದರೂ ಸರಿ, ಬಸ್ ಸ್ಟ್ಯಾಂಡಿನ ಆಸುಪಾಸು ಬಸವೇಶ್ವರ ಖಾನಾವಳಿಯೋ ಲಿಂಗಾಯತ ಖಾನಾವಳಿಯೋ ಇರುತ್ತದೆ. ಹೊರಗಿನಿಂದ ನೋಡಿದರೆ ಸಾಧಾರಣ ಮನೆ. ಒಳಗೆ ಕಾಲಿಟ್ಟರೆ ಪಟಪಟನೆ ರೊಟ್ಟಿ ಬಡಿಯುವ ಸದ್ದು. ಆ ಸದ್ದು ಕೇಳದ ಖಾನಾವಳಿಯಲ್ಲಿ ಕೂರಬೇಡಿ ಎಂಬುದು ನಾನು ಕೊಡುವ ಮೊದಲ ಸಲಹೆ. ಸದ್ದಿಲ್ಲವೆಂದರೆ ರೊಟ್ಟಿ ಹೊರಗಿನಿಂದ ಬಂದದ್ದು, ಇಲ್ಲವೇ ಬೆಳಿಗ್ಗೆಯೇ ಮಾಡಿಟ್ಟದ್ದು.

ಧಾರವಾಡದ ಒಂದು ಖಾನಾವಳಿಯಲ್ಲಿ ಒಲೆಯ ಹತ್ತಿರದ ಮೇಜು ಸಿಕ್ಕಿದ್ದರಿಂದ ರೊಟ್ಟಿ ಮಾಡುವುದನ್ನು ಊಟದುದ್ದಕ್ಕೂ ನೋಡಿದೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹುಯ್ದು, ಬಿಸಿ ಆರುವ ಮೊದಲೇ ಅಂಗೈಯಲ್ಲಿ ಒತ್ತಿ ಒತ್ತಿ ನಾದುತ್ತಾರೆ. ಜೋಳದಲ್ಲಿ ಗೋಧಿಯ ಜಿಗುಟಿಲ್ಲ, ಬಿಸಿನೀರು ಮತ್ತು ನಾದುವ ಕೈಯೇ ಅದನ್ನು ಹಿಡಿದಿಡಬೇಕು. ಆಮೇಲೆ ಒಣಹಿಟ್ಟು ಉದುರಿಸಿ ಬಡಿಯುತ್ತ ತಿರುಗಿಸುತ್ತಾರೆ. ಒಂದು ಕೈ ಬಡಿದರೆ ಇನ್ನೊಂದು ಕೈ ಅಂಚು ಒಡೆಯದಂತೆ ಕಾಯುತ್ತದೆ. ಹೆಂಚಿನ ಮೇಲೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಮೈಯನ್ನು ಒರೆಸಿ, ನೀರು ಆರಿದೊಡನೆ ತಿರುವಿ, ಕೊನೆಗೆ ಕೆಂಡದ ಪಕ್ಕ ನಿಲ್ಲಿಸುತ್ತಾರೆ. ಪೂರ್ತಿ ಉಬ್ಬಿದ ರೊಟ್ಟಿ ನೇರ ತಟ್ಟೆಗೆ. 'ಇನ್ನೊಂದ್ ಬಿಸಿ ರೊಟ್ಟಿ ಹಾಕ್ಲೇನ್ರೀ?' ಎಂದು ಕೇಳಿದಾಗ ಬೇಡವೆನ್ನುವ ಶಕ್ತಿ ನನಗಂತೂ ಬರಲಿಲ್ಲ.

ಬಿಸಿ ರೊಟ್ಟಿ ಬೇಕೋ ಖಡಕ್ ರೊಟ್ಟಿ ಬೇಕೋ ಎಂದು ಕೇಳುತ್ತಾರೆ. ಹೊಸಬರು ಬಿಸಿಯಿಂದ ಶುರು ಮಾಡಿ, ಕೊನೆಗೆ ಒಂದು ಖಡಕ್ ತರಿಸಿ ಮೊಸರು, ಶೇಂಗಾ ಹಿಂಡಿಯ ಜೊತೆ ಮುರಿದು ತಿನ್ನಿ. ತಟ್ಟೆಯಲ್ಲಿ ಬದನೆಕಾಯಿ ಎಣಗಾಯಿ, ಮಡಿಕೆ ಕಾಳಿನದೋ ಹೆಸರುಕಾಳಿನದೋ ಪಲ್ಯ, ಝುಣಕ, ಗುರೆಳ್ಳು ಹಿಂಡಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ, ಹಸಿ ಮೆಂತೆ ಸೊಪ್ಪು ಇರುತ್ತವೆ. ಮೆಂತೆ ಸೊಪ್ಪನ್ನು ಅಲಂಕಾರವೆಂದು ಬದಿಗಿಡುವವರನ್ನು ನೋಡಿದರೆ ಸಂಕಟವಾಗುತ್ತದೆ. ಎಣಗಾಯಿಯ ಎಣ್ಣೆ, ಮಸಾಲೆಗಳ ನಡುವೆ ಆ ಕಹಿಯೇ ಬಾಯಿಯನ್ನು ಮತ್ತೆ ಹೊಸದು ಮಾಡುವುದು. ಕೆಂಪು ಖಾರವನ್ನು ಬೆರಳ ತುದಿಯಷ್ಟೇ ಮುಟ್ಟಿ, ಮೊಸರು ಹತ್ತಿರ ಇಟ್ಟುಕೊಳ್ಳಿ. ಶೇಂಗಾ ಆಗದವರು ಕೂತ ಕೂಡಲೇ ಹೇಳಬೇಕು. ಇಲ್ಲಿನ ಅಡುಗೆಯಲ್ಲಿ ಪುಡಿಯಿಂದ ಹಿಡಿದು ಎಣಗಾಯಿಯ ಹೂರಣದವರೆಗೆ ಶೇಂಗಾ ಇಲ್ಲದ ಪದಾರ್ಥ ಹುಡುಕುವುದು ಕಷ್ಟ. ಹೋಗಲು ಹೇಳಿ ಮಾಡಿಸಿದ ಹೊತ್ತು ಒಂದು ಗಂಟೆ. ಎರಡೂವರೆಯ ಮೇಲೆ ಪಲ್ಯಗಳು ಒಂದೊಂದಾಗಿ ಮುಗಿಯುತ್ತ ಬರುತ್ತವೆ.

ಮಾಂಸಾಹಾರಿಗಳಿಗೆ ಬೆಂಗಳೂರು ಕಡೆ ಮಧ್ಯಾಹ್ನವೆಂದರೆ ಮಿಲಿಟರಿ ಹೋಟೆಲು. ಮುದ್ದೆ, ಕಾಲು ಸೂಪು, ತಲೆಮಾಂಸ, ಬೋಟಿ, ಕೈಮ ಉಂಡೆ, ದೊನ್ನೆ ಬಿರಿಯಾನಿ. ಹಸಿಮೆಣಸಿನಕಾಯಿ, ಕೊತ್ತಂಬರಿ, ಪುದೀನದ ಹಸಿರು ಮಸಾಲೆಗೆ ಚಿಕ್ಕ ಕಾಳಿನ ಜೀರಿಗೆ ಸಾಂಬಾ ಅಕ್ಕಿ ಬೀಳುವುದರಿಂದ ದೊನ್ನೆ ಬಿರಿಯಾನಿಗೆ ಹೈದರಾಬಾದಿನದ್ದಕ್ಕಿಂತ ಬೇರೆಯದೇ ಗುಣ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿಗೆ ಹೋಗುವುದಾದರೆ ಹನ್ನೆರಡರೊಳಗೆ ಹೋಗಿ. ಮಟನ್ ಪದಾರ್ಥಗಳು ಮುಗಿದ ಮೇಲೆ ಮತ್ತೆ ಬೇಯಿಸುವ ಪದ್ಧತಿ ಇಂಥ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಇಲ್ಲ.

ಕರಾವಳಿಗೆ ಇಳಿದವರಿಗೆ ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನ ಕೋಳಿ ಘೀ ರೋಸ್ಟ್, ನೀರುದೋಸೆ ಸಾಕು. ಬ್ಯಾಡಗಿ ಮೆಣಸಿನಕಾಯಿಯ ಕೆಂಪು, ತುಪ್ಪದ ಘಮ, ಹುಣಸೆಯ ಹುಳಿ ಮೂರೂ ಒಂದನ್ನೊಂದು ಮೀರದೆ ಇರಬೇಕು. ಮಂಗಳೂರಿನಲ್ಲಿ ಕೋರಿ ರೊಟ್ಟಿ ತಿನ್ನುವಾಗ ಒಣ ರೊಟ್ಟಿಯ ಮೇಲೆ ಸಾರು ಒಟ್ಟಿಗೇ ಸುರಿಸಿಕೊಳ್ಳಬೇಡಿ. ಸ್ವಲ್ಪ ಸ್ವಲ್ಪ ಮುರಿದು, ಸ್ವಲ್ಪ ಸ್ವಲ್ಪ ಹುಯ್ದುಕೊಂಡರೆ ಕೊನೆಯ ತುತ್ತಿನವರೆಗೂ ಒಂದಿಷ್ಟು ಗರಿ ಉಳಿಯುತ್ತದೆ.

ನಾಲ್ಕರ ಮೇಲೆ

ಸಂಜೆಯ ತಿಂಡಿಯಲ್ಲಿ ಒಂದೊಂದು ಸೀಮೆಯೂ ತನ್ನ ಮಂಡಕ್ಕಿಯನ್ನು ತಾನೇ ಕಂಡುಕೊಂಡಿದೆ. ಹುಬ್ಬಳ್ಳಿ–ಧಾರವಾಡದಲ್ಲಿ ಗಿರಮಿಟ್. ಬಾಡಿಸಿದ ಉಳ್ಳಾಗಡ್ಡಿ, ಹುಣಸೆ, ಬೆಲ್ಲದ ಗೊಜ್ಜಿಗೆ ಚುರುಮುರಿ, ಪುಠಾಣಿ ಹಿಟ್ಟು ಕಲಸಿ, ಮೇಲೆ ಸೇವು, ಹಸಿ ಉಳ್ಳಾಗಡ್ಡಿ ಉದುರಿಸಿ ಕೊಡುತ್ತಾರೆ. ಪಕ್ಕದಲ್ಲಿ ಮಿರ್ಚಿ ಬಜಿ ಇರಲೇಬೇಕು. ಬಳ್ಳಾರಿಗೆ ಹೋದರೆ ಉಗ್ಗಾಣಿ–ಮಿರ್ಚಿ, ಅಲ್ಲಿ ಅದು ಬೆಳಗಿನ ತಿಂಡಿಯೂ ಹೌದು. ದಾವಣಗೆರೆಯಲ್ಲಿ ಖಾರ ಮಂಡಕ್ಕಿ, ನರ್ಗಿಸ್ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಊರಿನ ಒಂದು ಭಾಗಕ್ಕೆ ಮಂಡಕ್ಕಿ ಭಟ್ಟಿ ಎಂದೇ ಹೆಸರು, ಅಲ್ಲಿನ ಬಿಸಿ ಮರಳಿನಲ್ಲಿ ಅರಳಿದ ಮಂಡಕ್ಕಿಯೇ ಸಂಜೆ ಗಾಡಿಗಳಿಗೆ ಬರುವುದು. ಯಾವ ಊರಾದರೂ ನಿಯಮ ಒಂದೇ: ನಿಮ್ಮೆದುರೇ ಕಲಸಬೇಕು, ಕಲಸಿದ ಎರಡು ನಿಮಿಷದೊಳಗೆ ತಿನ್ನಲು ಶುರು ಮಾಡಬೇಕು. ಪಾರ್ಸೆಲ್ ಕಟ್ಟಿಸುವ ತಿಂಡಿ ಇದಲ್ಲ. ಮೆಣಸಿನಕಾಯಿ ಬಾಣಲೆಯಿಂದ ಈಗಷ್ಟೇ ಇಳಿಯಿತೇ ಎಂದು ನೋಡಿ, ಇಲ್ಲದಿದ್ದರೆ ಮುಂದಿನ ಸುತ್ತಿಗೆ ಕಾಯಿರಿ. ಕೇಳಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ಉಡುಪಿಯ ರಥಬೀದಿಯ ಹತ್ತಿರದ ಮಿತ್ರಸಮಾಜದಲ್ಲಿ ಗೋಳಿಬಜೆಯ ಹೊತ್ತೂ ಇದೇ. ಮೈದಾ, ಹುಳಿ ಮೊಸರು, ಶುಂಠಿ, ಹಸಿಮೆಣಸು, ತೆಂಗಿನ ಚೂರಿನ ಹಿಟ್ಟು ಎಣ್ಣೆಯಲ್ಲಿ ಉರುಟಾಗಿ ಉಬ್ಬುತ್ತದೆ. ಮುರಿದರೆ ಒಳಗೆ ಹತ್ತಿಯಂತಿರಬೇಕು. ಬಾಳೆಹಣ್ಣಿನ ಬನ್ಸ್ ಮಾತ್ರ ಬೆಳಿಗ್ಗೆಯದು. ಹಿಟ್ಟು ರಾತ್ರಿಯೇ ಕಲಸಿಟ್ಟಿರುವುದರಿಂದ ಬೆಳಗಿನ ಮೊದಲ ಬಾಣಲೆಯಲ್ಲಿ ತೆಗೆದದ್ದೇ ಮೇಲು. ಮಂಗಳೂರಿನಲ್ಲಿ ರಾತ್ರಿ ಊಟದ ಮೇಲೆ ಐಡಿಯಲ್‌ನವರ ಗಡ್‌ಬಡ್ ಐಸ್‌ಕ್ರೀಮ್ ತಿನ್ನಲು ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳಿ. ಎತ್ತರದ ಗ್ಲಾಸಿನ ತಳದವರೆಗೆ ಚಮಚ ಇಳಿಸಿ, ಜೆಲ್ಲಿ, ಹಣ್ಣು, ಗೋಡಂಬಿ ಎಲ್ಲ ಒಟ್ಟಿಗೆ ಬರುವಂತೆ ಎತ್ತಬೇಕು.

ಬೆಂಗಳೂರಿನ ಸಂಜೆಗೆ ವಿ.ವಿ. ಪುರದ ತಿಂಡಿ ಬೀದಿ. ಸಜ್ಜನ್ ರಾವ್ ಸರ್ಕಲ್ಲಿನ ಪಕ್ಕದ ಈ ಬೀದಿ ಕತ್ತಲಾದ ಮೇಲೆ ಕಳೆಗಟ್ಟುತ್ತದೆ. ಜನವರಿಯ ಹೊತ್ತಿಗೆ ಊರಿನಲ್ಲಿ ನಡೆಯುವ ಅವರೆಬೇಳೆ ಮೇಳದಲ್ಲಿ ಹಿತಕಿದ ಬೇಳೆಯ ದೋಸೆಯಿಂದ ಜಿಲೇಬಿಯವರೆಗೆ ಎಲ್ಲವೂ ಅವರೆಯದ್ದೇ. ಮಾಗಡಿ ಕಡೆಯ ಸೊಗಡವರೆ ಬರುವುದೇ ಇಬ್ಬನಿ ಬೀಳುವ ತಿಂಗಳುಗಳಲ್ಲಿ, ಅದಕ್ಕೆ ಗಂಟೆಯ ಲೆಕ್ಕಕ್ಕಿಂತ ಕ್ಯಾಲೆಂಡರಿನ ಲೆಕ್ಕ ಮುಖ್ಯ. ಕರಾವಳಿಯ ಪತ್ರೊಡೆಗೆ ಮಳೆಗಾಲ, ಬಯಲುಸೀಮೆಯ ಹಸಿ ಜೋಳದ ಸೀತನಿಗೆ ಚಳಿಗಾಲ. ಅಕಾಲದಲ್ಲಿ ಸಿಕ್ಕರೂ ತಿನ್ನುವ ಆಸೆ ಬೇಡ.

ಅಯ್ಯಂಗಾರ್ ಬೇಕರಿಗಳ ಖಾರಾ ಬನ್, ಆಲೂ ಬನ್, ದಿಲ್‌ಪಸಂದ್ ಕೊಳ್ಳುವಾಗ ಟ್ರೇ ಎಷ್ಟು ಹೊತ್ತಿಗೆ ಹೊರಗೆ ಬರುತ್ತದೆಂದು ಒಮ್ಮೆ ಕೇಳಿಟ್ಟುಕೊಳ್ಳಿ. ಪ್ರತಿ ಬೇಕರಿಗೂ ಅದರದೇ ವೇಳಾಪಟ್ಟಿ ಇರುತ್ತದೆ. ವಿ.ವಿ. ಪುರದ ವಿ.ಬಿ. ಬೇಕರಿಯ ಕಾಂಗ್ರೆಸ್ ಕಡಲೆಕಾಯಿ ಮಾತ್ರ ಯಾವ ಹೊತ್ತಿಗೂ ಸರಿ.

ಮನೆಗೆ ಒಯ್ಯುವುದು

ಮನೆಯವರಿಗಾಗಿ ಕಟ್ಟಿಸಿಕೊಳ್ಳುವಾಗ ಯಾವುದು ದಾರಿ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ನೋಡಬೇಕು. ದೋಸೆ ಪೊಟ್ಟಣದೊಳಗೆ ತನ್ನ ಹಬೆಯಲ್ಲಿ ತಾನೇ ಬೆಂದು ತೊಗಲಾಗುತ್ತದೆ, ಅದನ್ನು ಒಯ್ಯಬೇಡಿ. ಇಡ್ಲಿ ಒಯ್ಯಬಹುದು, ಚಟ್ನಿ ಬೇರೆ ಕಟ್ಟಿಸಿ, ಮಧ್ಯಾಹ್ನದೊಳಗೆ ಮುಗಿಸಿ. ಮದ್ದೂರು ವಡೆ ಹುಟ್ಟಿದ್ದೇ ಪ್ರಯಾಣಿಕರಿಗಾಗಿ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬುವರು ರೈಲು ಹೊರಡುವಷ್ಟರಲ್ಲಿ ಆಗಬೇಕೆಂದು ಹಿಟ್ಟನ್ನು ತೆಳ್ಳಗೆ ತಟ್ಟಿ ಕರಿದದ್ದು ಎಂಬ ಕಥೆ ಆ ಕಡೆ ಎಲ್ಲರ ಬಾಯಲ್ಲೂ ಇದೆ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿಯ ಆ ವಡೆ ಮರುದಿನವೂ ಕೆಡುವುದಿಲ್ಲ, ಆದರೆ ಬಿಸಿಯಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಸಿದರೆ ಸಂಜೆಗೇ ಮೆತ್ತಗಾಗುತ್ತದೆ. ಪೇಪರಿನಲ್ಲಿ ಕಟ್ಟಿಸಿ.

ಸಿಹಿಯಲ್ಲಿ ಧಾರವಾಡದ ಲೈನ್ ಬಜಾರಿನ ಬಾಬುಸಿಂಗ್ ಠಾಕೂರ್ ಪೇಡೆಗೆ ಬೆಳಿಗ್ಗೆಯೇ ಹೋಗಿ ಸಾಲು ಹಿಡಿಯಬೇಕು. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಹತ್ತೊಂಬತ್ತನೇ ಶತಮಾನದಲ್ಲಿ ಬಂದ ಮನೆತನದ ಪೇಡೆ ಅದು, ಈಗ ಧಾರವಾಡ ಪೇಡೆಗೆ ಭೌಗೋಳಿಕ ಮಾನ್ಯತೆಯೂ ಇದೆ. ಬೆಳಗಾವಿ ಕುಂದಾ ಮೆತ್ತನೆಯದಾದ್ದರಿಂದ ಎರಡು ಮೂರು ದಿನದೊಳಗೆ ತಿಂದು ಮುಗಿಸಿ. ಮೈಸೂರು ಪಾಕನ್ನು ದೇವರಾಜ ಮಾರುಕಟ್ಟೆಯ ಗುರು ಸ್ವೀಟ್ ಮಾರ್ಟ್‌ನಲ್ಲಿ ಕೊಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಅದನ್ನು ಮೊದಲು ಮಾಡಿದರೆನ್ನುವ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ಪರದೇಶದಲ್ಲಿರುವ ಮಕ್ಕಳಿಗೆ ಕಳಿಸುವುದಾದರೆ ಗೋಕಾಕ ಅಥವಾ ಅಮೀನಗಡದ ಕರದಂಟು ಎಲ್ಲಕ್ಕಿಂತ ಒಳ್ಳೆಯದು. ಅಂಟು, ಬೆಲ್ಲ, ಒಣಹಣ್ಣುಗಳ ಆ ಸಿಹಿ ವಾರಗಟ್ಟಲೆ ಹಾಗೇ ಇರುತ್ತದೆ. ಕೊಳ್ಳುವಾಗ ತಯಾರಾದ ದಿನ ಕೇಳಿ, ಮೇಲಿನ ಕಾಗದ ಎಣ್ಣೆ ಕುಡಿದಿಲ್ಲದ ಡಬ್ಬಿಯನ್ನೇ ಆರಿಸಿ.